ಉಡಿ ತುಂಬಿದ ಬಂದೂಕು

ಶಿಗ್ಗಾಂವಿಯ ಬಂದೂಕು ರಿಪೇರಿ ಅಂಗಡಿಯಿಂದ ನಿವೃತ್ತನಾದ ಮೇಲೆ ಜನ ನನ್ನನ್ನು ಮೊದಲು ಕೇಳುವುದು, ಹುಲಿ ಹೊಡೆದ ಬಂದೂಕು ಎಷ್ಟು ನೋಡಿದ್ದೀರಿ ಎಂದು. ವಿನಯದಿಂದ ನಿವೇದಿಸಿಕೊಳ್ಳುತ್ತೇನೆ: ಒಂದನ್ನೂ ನೋಡಿಲ್ಲ. ನಾನು ನೋಡಿದ್ದು ತುಕ್ಕು. ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟಿ ಸಂಸಾರ ಹೂಡಿದ ಕಣಜಗಳನ್ನು ನೋಡಿದ್ದೇನೆ. ಹಿರೇಕೆರೂರು ಕಡೆಯ ಗೋವಿನಜೋಳದ ಹೊಲಗಳಲ್ಲಿ ಹಂದಿ ಬೆದರಿಸಲೆಂದು ಇಟ್ಟುಕೊಂಡ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯನ್ನೇ ಮೈತುಂಬ ಕುಡಿದು ಬೋಲ್ಟು ಅಂಟಿಕೊಂಡ ರೈಫಲ್ಲುಗಳನ್ನು ನೋಡಿದ್ದೇನೆ. ಇದಕ್ಕೆ ಹಾಕುವ ಎಣ್ಣೆ ಇದಲ್ಲ ಎಂದರೆ ಅವುಗಳ ಯಜಮಾನರು, ಮನೆಯ ಕೊಬ್ಬರಿಯನ್ನೇ ಗಾಣಕ್ಕೆ ಹಾಕಿಸಿದ್ದು, ಸಂಶಯ ಬೇಡ ಎಂದು ನನಗೇ ಸಮಾಧಾನ ಹೇಳುತ್ತಿದ್ದರು.

ಈ ಕೆಲಸಕ್ಕೆ ಹೊಸದಾಗಿ ಬರುವವರು ಈಗ ಕಡಿಮೆ. ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಪಗಾರ ಯಾವಾಗ ಏರಿತು, ನನ್ನ ಸ್ಟೂಲಿಗೆ ಬೆನ್ನು ಆನಿಸುವ ಹಲಗೆ ಯಾವಾಗ ಬಂತು ಎಂಬುದನ್ನೆಲ್ಲ ಇತಿಹಾಸಕಾರರಿಗೆ ಬಿಟ್ಟಿದ್ದೇನೆ. ಅವರು ಇನ್ನೂ ಬಂದಿಲ್ಲ.

ಲೈಸನ್ಸು ಇದ್ದದ್ದು ಮಾಲೀಕರಾದ ಶೆಟ್ಟರ ಹೆಸರಿನಲ್ಲಿ. ಅರ ಹಿಡಿಯುತ್ತಿದ್ದವನು ನಾನು, ಚನ್ನಪ್ಪ ಮಿಸ್ತ್ರಿ. ಶೆಟ್ಟರು ಮಾತಿನಲ್ಲಿ ಉದಾರಿ, ನಿಯಮದಲ್ಲಿ ಜಿಪುಣ. ಅಂಗಡಿಯ ಬಾಗಿಲ ಪಕ್ಕ ಮರಳು ತುಂಬಿದ ಒಂದು ಡ್ರಮ್ಮು ಇತ್ತು. ಒಳಗೆ ಬಂದ ಬಂದೂಕಿನ ನಳಿಗೆ ಮೊದಲು ಅದರ ಕಡೆ ತಿರುಗಬೇಕು. ಆಮೇಲೆ ನಮಸ್ಕಾರ, ಚಹಾ, ಊರ ಸುದ್ದಿ. ಕಾಡತೂಸು ಒಳಗಿದೆಯೇ ಎಂದು ಗಿರಾಕಿಯನ್ನು ಅವರು ಎಂದೂ ಕೇಳುತ್ತಿರಲಿಲ್ಲ. ಯಾಕೆಂದು ನಾನು ಹೊಸದರಲ್ಲಿ ವಿಚಾರಿಸಿದ್ದೆ.

"ಕೇಳಿದ್ರ ಇಲ್ಲ ಅಂತಾರ. ಮಂದಿ ಸತ್ತದ್ದೆಲ್ಲಾ ಆ ಇಲ್ಲ ಅನ್ನೂದ್ರಿಂದನ," ಎಂದಿದ್ದರು.

ಇನ್ನು ಸೇಫ್ಟಿಯ ವಿಚಾರ. ಬೋಲ್ಟನ್ನು ಕೈಯಿಂದ ಎಳೆದು ತಳ್ಳಿ ಕಾಡತೂಸು ಕೂರಿಸುವ ರೈಫಲ್ಲಿನೊಳಗೆ ಒಂದು ಸೂಜಿ ಸ್ಪ್ರಿಂಗಿನ ಒತ್ತಡದಲ್ಲಿ ಕಾದು ನಿಂತಿರುತ್ತದೆ. ಟ್ರಿಗರ್ ಒತ್ತಿದರೆ ಅದು ಮುಂದೆ ಹಾರಿ ಕಾಡತೂಸಿಗೆ ಬಡಿಯುತ್ತದೆ. ಅದು ಹಾರದಂತೆ ಹಿಡಿಯುವ ಚಿಲಕವೇ ಸೇಫ್ಟಿ. ನಮ್ಮ ಕಡೆ ಎಲ್ಲರೂ ಲಾಕ್ ಎನ್ನುತ್ತಾರೆ. ಹುಲಗೂರಿನ ಕಡೆಯ ಒಬ್ಬ ಕಾವಲುಗಾರ ತನ್ನ ಬಂದೂಕಿನ ಸಡಿಲಾದ ಲಾಕಿಗೆ ಮಗಳ ಜಡೆಯ ರಬ್ಬರ್ ಬ್ಯಾಂಡ್ ಬಿಗಿದಿದ್ದ. ಬ್ಯಾಂಡಿನ ಮೇಲೆ ಒಂದು ಪ್ಲಾಸ್ಟಿಕ್ ಚಿಟ್ಟೆಯೂ ಇತ್ತು. ಶೆಟ್ಟರು ಆ ಚಿಟ್ಟೆಯನ್ನು ಗೌರವಪೂರ್ವಕವಾಗಿ ಬಿಚ್ಚಿ ಅವನ ಅಂಗಿಯ ಜೇಬಿಗೆ ಹಾಕಿ, ಹೊಸ ಲಾಕ್ ಕೂರುವವರೆಗೆ ಬಂದೂಕನ್ನು ಹೊರಗೆ ಬಿಡಲಿಲ್ಲ.

ಮೊದಲು ಇಂಥ ತುಂಡನ್ನು ಉಕ್ಕಿನ ಪಟ್ಟಿಯಿಂದ ಕೈಯಲ್ಲೇ ಅರೆದು ಮಾಡುತ್ತಿದ್ದರು. ಈಗ ದೊಡ್ಡ ಊರುಗಳ ವ್ಯಾಪಾರಿಗಳಿಂದ ಸಿದ್ಧ ತುಂಡು ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಹಳೆಯದನ್ನು ಬಿಚ್ಚಿ ಇದನ್ನು ಹಾಕಿ, ಯಾವ ರೈಫಲ್ಲಿಗಾದರೂ ಹೊಂದುತ್ತದೆ ಎಂಬ ಚೀಟಿಯೂ ಜೊತೆಗಿರುತ್ತದೆ. ಹೊಸಬರು ಆ ಚೀಟಿಯನ್ನು ನಂಬುತ್ತಾರೆ. ನಂಬಬೇಡಿ. ಎರಡು ರೈಫಲ್ಲುಗಳು ಒಂದೇ ಕಾರ್ಖಾನೆಯಿಂದ ಬಂದಿದ್ದರೂ ಅಣ್ಣತಮ್ಮಂದಿರಷ್ಟೇ ಒಂದಾಗಿರುತ್ತವೆ. ಹೊಂದದ ಲಾಕಿನಲ್ಲಿ ಅತ್ಯಂತ ಕೆಟ್ಟದ್ದು ಹಿಡಿಯದ ಲಾಕ್ ಅಲ್ಲ. ಅದರ ದೋಷ ಬೇಗ ಗೊತ್ತಾಗುತ್ತದೆ. ಹಾಕಿದಾಗ ಹಿಡಿದು, ಯಾರೋ ಟ್ರಿಗರ್ ಮುಟ್ಟಿದರೂ ಸುಮ್ಮನಿದ್ದು, ಆಮೇಲೆ ತೆಗೆದ ಕ್ಷಣ ತಾನಾಗಿ ಗುಂಡು ಬಿಡುವ ಲಾಕ್ ಇದೆಯಲ್ಲ, ಅದು ಕೆಟ್ಟದ್ದು.

ನಾನು ಈ ಕೆಲಸದ ಬಗ್ಗೆ ಏನಾದರೂ ಕಲಿತಿದ್ದರೆ ಅದು ಹಾನಗಲ್ಲ ಹತ್ತಿರದ ಒಂದು ಹಳ್ಳಿಯ ವಿರೂಪಾಕ್ಷಗೌಡರ ರೈಫಲ್ಲಿನಿಂದ. ಇದು ನನ್ನ ಸೇವೆಯ ಕೊನೆಯ ವರ್ಷಗಳ ಮಾತು.

ಮಹಾನವಮಿಗೆ ಕೆಲವು ವಾರ ಇರುವಾಗ ಗೌಡರು ಜೀಪಿನಲ್ಲಿ ಬಂದರು. ರೈಫಲ್ಲನ್ನು ಕೌದಿಯಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡಿದ್ದರು. ಅದು ಅವರ ಅಜ್ಜನ ಕಾಲದ ಪರದೇಶದ ರೈಫಲ್. ಬೋಲ್ಟಿನ ಹಿಂದೆ ರೆಕ್ಕೆಯಂತೆ ಮೇಲೆದ್ದು ತಿರುಗುವ ಲಾಕ್ ಅದಕ್ಕೆ ಹುಟ್ಟಿನಿಂದ ಬಂದಿತ್ತು. ಹಿಂದಿನ ವರ್ಷ ಯಾರೋ ಬೀಗರು ಅದರ ಮೇಲೆ ದುರ್ಬೀನು ಕೂರಿಸಿಕೊಟ್ಟಿದ್ದರು. ದುರ್ಬೀನು ಬಂದ ಮೇಲೆ ರೆಕ್ಕೆ ಎತ್ತಲು ಜಾಗ ಉಳಿಯಲಿಲ್ಲ. ಆ ಬೀಗರೇ ರೆಕ್ಕೆಯನ್ನು ಬಿಚ್ಚಿ ಗೌಡರ ಕೈಗೆ ಕೊಟ್ಟು ಹೋಗಿದ್ದರು. ಈಗ ಪಕ್ಕಕ್ಕೆ ಜರುಗುವ ಹೊಸ ಲಾಕ್ ಹಾಕಿಕೊಡಬೇಕು, ಅದೂ ಮಹಾನವಮಿಯೊಳಗೆ. ಹಂದಿ ಕಾಟ ಬಹಳ ಎಂದರು.

ನಳಿಗೆ ಮರಳಿನ ಕಡೆ ತಿರುಗಿತು. ಶೆಟ್ಟರು ನನಗೆ ಸನ್ನೆ ಮಾಡಿದರು. ಬೋಲ್ಟು ಎಳೆದೆ. ಒಂದು ಕಾಡತೂಸು ಹೊರಗೆ ಬಂದು ಬೆಂಚಿನ ಮೇಲೆ ಉರುಳಿ ನಿಂತಿತು. ಅದರ ಹಿಂಬದಿಗೆ ಕುಂಕುಮ ಹಚ್ಚಿತ್ತು. ಒಣಗಿ ಕಪ್ಪಾದ ಕುಂಕುಮ.

ಹಾನಗಲ್ಲಿನಿಂದ ಶಿಗ್ಗಾಂವಿಗೆ ಬರುವ ರಸ್ತೆಯ ಗುಂಡಿಗಳನ್ನು ಬಲ್ಲವರಿಗೆ ಮುಂದಿನದನ್ನು ನಾನು ವಿವರಿಸಬೇಕಿಲ್ಲ. ಲಾಕಿಲ್ಲದ, ಗುಂಡು ತುಂಬಿದ, ಸೂಜಿ ಕಾದು ನಿಂತ ರೈಫಲ್ಲು ಗೌಡರ ತೊಡೆಯ ಮೇಲೆ ಕುಳಿತು ಅಷ್ಟೂ ಗುಂಡಿಗಳನ್ನು ಎಣಿಸಿಕೊಂಡು ಬಂದಿತ್ತು.

ಶೆಟ್ಟರು ಕಾಡತೂಸನ್ನು ಎತ್ತಿ ಗೌಡರ ಕಣ್ಣ ಮುಂದೆ ಹಿಡಿದರು. ಗೌಡರ ಹಣೆಯ ಮೇಲೆ ಬೆವರು ಮೂಡಿತ್ತು.

"ಅದು ಮಾನಮಿದ್ದಿರಬೇಕ್ರಿ," ಎಂದರು ಗೌಡರು.

"ಯಾವ ಮಾನಮಿದು?"

"ಹ್ವಾದ ವರ್ಷದ್ದು."

ಆಮೇಲೆ ಅವರು ತುಂಡು ತುಂಡಾಗಿ ಹೇಳಿದ್ದನ್ನು ಜೋಡಿಸಿದರೆ ಹೀಗೆ. ಅವರ ಮನೆಯಲ್ಲಿ ಆಯುಧಪೂಜೆಯ ದಿನ ರೈಫಲ್ಲನ್ನು ದೇವರ ಜಗುಲಿಯ ಮುಂದೆ ಮಣೆಯ ಮೇಲೆ ಇಡುತ್ತಾರೆ. ಖಾಲಿ ಕೊಡವನ್ನು ಪೂಜಿಸುವುದಿಲ್ಲ, ಮನೆ ಮಗಳನ್ನು ಖಾಲಿ ಉಡಿಯಲ್ಲಿ, ಎಂದರೆ ಮಡಿಲು ತುಂಬದೆ, ಕಳಿಸುವುದಿಲ್ಲ. ಹಾಗೆಯೇ ಆಯುಧವನ್ನೂ ಖಾಲಿ ಇಡುವಂತಿಲ್ಲ. ಆದ್ದರಿಂದ ಮನೆಯ ಹಿರಿಯ ಗೌಡಶಾನಿ, ಅಂದರೆ ಗೌಡರ ತಾಯಿ ನೀಲವ್ವ, ಕಾಡತೂಸಿಗೆ ಕುಂಕುಮ ಹಚ್ಚಿ ಕೊಡುತ್ತಾರೆ. ಅದನ್ನು ಒಳಗೆ ಕೂರಿಸುತ್ತಾರೆ. ಇದಕ್ಕೆ ಬಂದೂಕಿನ ಉಡಿ ತುಂಬುವುದು ಎಂದು ಹೆಸರು. ನಳಿಗೆಯನ್ನು ದೇವರ ಕಡೆ ತಿರುಗಿಸುವುದು ಅಪಚಾರ. ಹಾಗಾಗಿ ಅದು ಭಕ್ತರ ಕಡೆ ತಿರುಗಿರುತ್ತದೆ. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ನಳಿಗೆಯ ತುದಿಗೆ ಹಣೆ ಹಚ್ಚುತ್ತಾರೆ. ದೇವರ ಸುರಕ್ಷತೆಯ ವ್ಯವಸ್ಥೆ ಪಕ್ಕಾ ಇತ್ತು ಎಂದು ಒಪ್ಪಬೇಕು.

ಗೌಡರ ತಂದೆ ಇದ್ದಾಗ ಸಂಜೆ ಅವರೇ ಕಾಡತೂಸು ತೆಗೆಯುತ್ತಿದ್ದರು. ಅವರ ನಂತರ ಇವರು. ಹಿಂದಿನ ವರ್ಷ ಮನೆ ತುಂಬ ಬೀಗರು. ಅವ್ವ ತೆಗೆದಿರಬೇಕೆಂದು ಮಗ, ಮಗ ತೆಗೆದಿರಬೇಕೆಂದು ಅವ್ವ. ರೈಫಲ್ಲು ತುಂಬಿದ ಉಡಿಯಲ್ಲೇ ವರ್ಷವಿಡೀ ಕಪಾಟಿನಲ್ಲಿ ನಿಂತಿತ್ತು.

ಶೆಟ್ಟರು ಕಾನೂನು ಹೇಳಿ ಬೈದರು, ನೆಂಟಸ್ತನ ಹೇಳಿ ಬೈದರು, ಚಹಾ ತರಿಸಿ ಕುಡಿಸುತ್ತ ಬೈದರು. ಕೊನೆಗೆ ಬೇಕಾದ ಒಪ್ಪಿಗೆ ಪಡೆದು ಲಾಕ್ ತರಿಸಲು ಒಪ್ಪಿದರು. ತುಂಡು ಬಂತು. ಅದನ್ನು ಕೂರಿಸುವ ಕೈ ಬೇಕಾಯಿತು. ನನ್ನ ಕೈ ನಳಿಗೆ, ಕಟ್ಟಿಗೆ, ಸ್ಪ್ರಿಂಗುಗಳಿಗೆ ಒಗ್ಗಿದ್ದು. ಈ ಲಾಕು ಸೂಜಿಯ ಬಾಲವನ್ನು ಹಿಡಿಯುವ ಜಾಗದಲ್ಲಿ ಕೂದಲೆಳೆಯಷ್ಟು ಹೆಚ್ಚು ಅರೆದರೂ ಕೆಟ್ಟಿತು. ಹಾಗೆ ಅರೆಯುವವರು ಬೇರೆಯೇ ಜನ. ಹುಡುಕಲು ಶೆಟ್ಟರು ನನ್ನನ್ನು ಅಟ್ಟಿದರು. ರೈಫಲ್ಲನ್ನು ಅಂಗಡಿಯಿಂದ ಹೊರಗೆ ಒಯ್ಯುವಂತಿಲ್ಲ, ನುರಿತವರನ್ನೇ ಕರೆತರಬೇಕು.

ಹಾನಗಲ್ಲಿನಲ್ಲಿ ಲೇತಿನ ಕೆಲಸಕ್ಕೆ ಹೆಸರಾದ ಒಬ್ಬರಿದ್ದರು. ಸಮಸ್ಯೆಯನ್ನು ಕಣ್ಣು ಮುಚ್ಚಿ ಕೇಳಿ, ಸುಲಭ ಎಂದರು. ಆ ಭಾಗಕ್ಕೆ ಬೆಸುಗೆ ಹಾಕಿಬಿಟ್ಟರೆ ಇನ್ನು ಅಲುಗಾಡುವುದಿಲ್ಲವಂತೆ. ಇದು ನಿಜ. ಬೋಲ್ಟೂ ಅಲುಗಾಡುವುದಿಲ್ಲ, ರೈಫಲ್ಲು ಇನ್ನೆಂದೂ ಗುಂಡು ಹಾರಿಸುವುದಿಲ್ಲ. ಮಾನವಕುಲದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ರಿಪೇರಿ ನಾನು ಕೇಳಿಲ್ಲ. ರಟ್ಟೀಹಳ್ಳಿಯಲ್ಲಿ ಬೀಗ ರಿಪೇರಿಯವರೊಬ್ಬರ ಕೈ ಬಹಳ ಸೂಕ್ಷ್ಮ ಎಂದು ಕೇಳಿ ಅಲ್ಲಿಗೂ ಹೋದೆ. ಅವರು ಎಲ್ಲ ಕೇಳಿಕೊಂಡು, ಲಾಕಿಗೆ ಕೀಲಿಕೈ ಒಂದು ಸಾಕೋ ಎರಡು ಬೇಕೋ ಎಂದರು. ನಾನು ವಿಚಾರ ಮಾಡಿ ತಿಳಿಸುವುದಾಗಿ ಹೇಳಿ ಬಸ್ಸು ಹತ್ತಿದೆ.

ಹೊಸಬರಿಗೆ ಇಲ್ಲೊಂದು ಮಾತು. ನುರಿತ ಬಂದೂಕು ಕೆಲಸದವರನ್ನು ಹುಡುಕುವಾಗ ಅವರು ಏನೇನು ರಿಪೇರಿ ಮಾಡಿದ್ದಾರೆಂದು ಕೇಳಬೇಡಿ. ಅದಕ್ಕೆ ಎಲ್ಲರ ಬಳಿಯೂ ಉದ್ದ ಉತ್ತರವಿದೆ. ಯಾವುದನ್ನು ಮುಟ್ಟದೆ ವಾಪಸು ಕಳಿಸಿದರು ಎಂದು ಕೇಳಿ.

ಇಮಾಮಸಾಬ ಉಸ್ತಾದರು ಸವಣೂರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡಿದ್ದರು. ಶೆಟ್ಟರ ತಂದೆಯ ಕಾಲದಲ್ಲಿ ನಮ್ಮ ಅಂಗಡಿಯ ಬೆಂಚಿನಲ್ಲೇ ಕೂತವರು. ಬಂದೂಕಿನ ಕೆಲಸ ಯಾಕೆ ಬಿಟ್ಟಿರೆಂದು ಕೇಳಿದರೆ, ಹೊಲಿಗೆ ಯಂತ್ರ ಹೆಚ್ಚೆಂದರೆ ಬೆರಳು ಚುಚ್ಚುತ್ತದೆ ಎನ್ನುತ್ತಿದ್ದರು. ನಾನು ಹೋದಾಗ ಬಾಯಲ್ಲಿ ಎಲೆ ಇತ್ತು. ಉಗುಳಿ ಬಂದು, ನಾನು ತಂದ ಲಾಕಿನ ತುಂಡನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಹೊಳ್ಳಿ ನನ್ನ ಕೈಯಲ್ಲೇ ಇಟ್ಟರು.

"ಯಾರ ಮನಿದು?"

ಹೇಳಿದೆ. ಕುಂಕುಮದ ಕಾಡತೂಸಿನ ಕತೆಯನ್ನೂ ಹೇಳಿದೆ.

"ಚನ್ನಪ್ಪಣ್ಣ, ಮೊದ್ಲ ಆ ಮನಿಯವರ ಕೂಡ ಮಾತಾಡ್ತೇನಿ. ಬಂದೂಕು ಆಮ್ಯಾಲ."

ಇದು ಅವರ ಹಳೆಯ ರೀತಿ. ಬಂದೂಕು ಯಾರ ನಡುವೆ ಬದುಕುತ್ತದೆಂದು ತಿಳಿಯದೆ ಅರ ಎತ್ತುತ್ತಿರಲಿಲ್ಲ. ಶೆಟ್ಟರ ತಂದೆಗೂ ಇವರಿಗೂ ಜಗಳವಾದದ್ದು ಇದೇ ಕಾರಣಕ್ಕೆ: ಕುಡಿದು ಹೆಂಡತಿಗೆ ಹೊಡೆಯುತ್ತಿದ್ದ ಒಬ್ಬ ಸಾಹುಕಾರನ ಬಂದೂಕನ್ನು ಇವರು ಬಿಚ್ಚಿದವರು ಮತ್ತೆ ಜೋಡಿಸಿಕೊಡಲೇ ಇಲ್ಲವಂತೆ.

ನಿಗದಿಯಾದ ದಿನ ಉಸ್ತಾದರು ಬಸ್ಸಿನಲ್ಲಿ ಬಂದರು. ಗೌಡರು ಬಂದರು, ಜೊತೆಗೆ ಅವರ ಹೆಂಡತಿ ಗಿರಿಜವ್ವ. ಹಬ್ಬಕ್ಕೆ ಬಟ್ಟೆ ಕೊಳ್ಳುವ ನೆಪದಲ್ಲಿ ಬಂದಿದ್ದರು. ಬಾಗಿಲ ಬಳಿಯ ಬೆಂಚಿನ ಮೇಲೆ ಚೀಲ ಇಟ್ಟುಕೊಂಡು ಕುಳಿತರು. ಉಸ್ತಾದರು ರೈಫಲ್ಲಿನ ಕಡೆ ನೋಡದೆ ಗೌಡರಿಗೆ ಎದುರಾಗಿ ಕುಳಿತು, ಈ ಲಾಕ್ ಈಗ ಯಾಕೆ ಬೇಕಾಯಿತೆಂದು ಕೇಳಿದರು. ಗೌಡರು ಹಂದಿಯ ಪುರಾಣ ಆರಂಭಿಸಿದರು. ಗೋವಿನಜೋಳ ಹಾಳು ಮಾಡುವ ರೀತಿ, ಅವುಗಳ ಧೈರ್ಯ, ಅವುಗಳ ಸಂಸಾರ.

"ಹಂದಿ ಅಲ್ರಿ," ಎಂದರು ಗಿರಿಜವ್ವ ಕೂತಲ್ಲಿಂದಲೇ. "ನನ್ನ ಹುಡುಗೂರು."

ಗೌಡರು ಮರಳಿನ ಡ್ರಮ್ಮನ್ನು ನೋಡತೊಡಗಿದರು. ಹೆಂಡತಿ ಮುಂದುವರಿಸಿದರು. ಹಿಂದಿನ ವರ್ಷ ಲಾಕ್ ಇಲ್ಲವೆಂದು ಗೊತ್ತಿದ್ದೂ ಮನೆಯವರು ಕಾಡತೂಸು ತುಂಬಿದರು. ಎರಡೂ ಮಕ್ಕಳನ್ನು ಸೆರಗಿನ ಹಿಂದೆ ಒತ್ತಿ ಹಿಡಿದುಕೊಂಡು ಗಿರಿಜವ್ವ ತಾವೊಬ್ಬರೇ ಹಣೆ ಹಚ್ಚಿ, ಅವಕ್ಕೆ ಜ್ವರವಿದೆ ಎಂದು ಸುಳ್ಳು ಹೇಳಿ ಒಳಗೆ ಕರೆದುಕೊಂಡು ಹೋಗಿದ್ದರು. ಈ ವರ್ಷ ಅತ್ತೆ ಮೊದಲೇ ಹೇಳಿಟ್ಟಿದ್ದಾರೆ: ಮಕ್ಕಳು ಬೆಳೆದವು, ಅವನ್ನೇ ಎಲ್ಲರಿಗಿಂತ ಮುಂದೆ ಕೂರಿಸಬೇಕು. ಲಾಕ್ ಹಾಕಿಸದಿದ್ದರೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುವುದಾಗಿ ಗಂಡನಿಗೆ ಹೇಳಿದ್ದರು. ಅದಕ್ಕೇ ಗೌಡರು ಕೌದಿ ಹುಡುಕಿದ್ದು.

ತಾಯಿಗೆ ನೇರವಾಗಿ ಹೇಳಬಾರದೇ ಎಂದು ಶೆಟ್ಟರು ಕೇಳಿದರು.

"ಆಗಂಗಿಲ್ರಿ," ಎಂದರು ಗೌಡರು. "ಒಂದು ವರ್ಷ ಕಾಡತೂಸು ಸಿಗಲಾರದಕ ಖಾಲಿ ಇಟ್ಟಿದ್ವಿ. ಅವತ್ತಿಂದ ದೀಪಾವಳಿಯೊಳಗ ಅಪ್ಪ ಹ್ವಾದ. ಅವ್ವ ಅದನ್ನ ಮರ್ತಿಲ್ಲ."

ಇಂಥ ಮಾತಿಗೆ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ.

ದಂಪತಿ ಹೋದ ಮೇಲೆ ಶೆಟ್ಟರಿಗೂ ಉಸ್ತಾದರಿಗೂ ವಾದವಾಯಿತು. ಲಾಕನ್ನು ಹಾಕಿಕೊಡಬೇಕೇ ಬೇಡವೇ ಎಂಬುದೇ ವಾದ. ಶೆಟ್ಟರ ಪ್ರಕಾರ ಹಾಕಬಾರದು. ಲಾಕ್ ಇಲ್ಲದಿದ್ದರೆ ಹೆದರಿ ಒಂದು ದಿನ ಕಾಡತೂಸು ತುಂಬುವುದನ್ನು ಬಿಡುತ್ತಾರೆ. ಉಸ್ತಾದರು ಬಿಡುವುದಿಲ್ಲವೆಂದರು; ಹಿಂದಿನ ವರ್ಷ ಲಾಕ್ ಇರಲಿಲ್ಲ, ಬಿಟ್ಟರೇ? ಹಾಗಾದರೆ ಹಾಕಿ ಎಂದು ಶೆಟ್ಟರು ಕೈ ಚೆಲ್ಲಿದರು. ಅದಕ್ಕೂ ಉಸ್ತಾದರ ಮುಖ ಅರಳಲಿಲ್ಲ. ಹಾಕಿಕೊಟ್ಟರೆ ಇನ್ನು ಆ ತಾಯಿಯೂ ಮಕ್ಕಳನ್ನು ಸೆರಗಿನಿಂದ ಬಿಡುತ್ತಾಳೆ ಎಂದರು. ಇಷ್ಟು ದಿನ ಆ ಮಕ್ಕಳನ್ನು ಕಾಯುತ್ತಿದ್ದದ್ದು ಅವಳ ಅಂಜಿಕೆ. ನಮ್ಮ ಲಾಕು ಅದನ್ನು ತೆಗೆದುಹಾಕುತ್ತದೆ.

ನಾನು ಅಷ್ಟು ವರ್ಷ ಲಾಕುಗಳನ್ನು ಬಿಚ್ಚಿ ಒರೆಸಿದ್ದೆ. ಅವು ಹೀಗೂ ಕೆಲಸ ಮಾಡುತ್ತವೆಂದು ವಿಚಾರ ಮಾಡಿರಲಿಲ್ಲ.

ಕೊನೆಗೆ ಉಸ್ತಾದರು ಅರ ಎತ್ತಿದರು. ಎಣ್ಣೆ ದೀಪದ ಮಸಿಯನ್ನು ಲಾಕಿನ ಮೂತಿಗೆ ಹಿಡಿದು, ಜಾಗಕ್ಕೆ ಕೂರಿಸಿ, ಜರುಗಿಸಿ, ಹೊರಗೆ ತೆಗೆದು ಮಸಿ ಎಲ್ಲಿ ಅಳಿಸಿದೆಯೆಂದು ನೋಡುವರು. ಅಳಿಸಿದ ಜಾಗಕ್ಕೆ ಮಾತ್ರ ಅರ ತಾಗಿಸುವರು. ಅರೆಯುವರು ಎನ್ನುವುದು ಹೆಚ್ಚಾಯಿತು, ಸವರುವರು. ಮತ್ತೆ ಮಸಿ, ಮತ್ತೆ ಕೂರಿಸುವುದು. ನಡುವೆ ಎದ್ದು ಅಂಗಳಕ್ಕೆ ಹೋಗಿ ನಿಲ್ಲುವರು. ಕೈ ದಣಿದದ್ದಕ್ಕಲ್ಲ, ಮುಗಿಸುವ ಆಸೆ ಹುಟ್ಟಿದ್ದಕ್ಕೆ ಎಂದರು. ಆ ಆಸೆ ಹುಟ್ಟಿದಾಗ ಅರ ಕೆಳಗಿಡಬೇಕು. ಹೊಸಬರು ಬೇರೆಲ್ಲ ಮರೆತರೂ ಇದನ್ನು ನೆನಪಿಡಿ.

ಮುಗಿದ ಮೇಲೆ ಪರೀಕ್ಷೆ. ಖಾಲಿ ರೈಫಲ್ಲಿಗೆ ಲಾಕ್ ಹಾಕಿ ಟ್ರಿಗರ್ ಒತ್ತಿ ಬಿಟ್ಟರು; ಲಾಕ್ ತೆಗೆದರು; ಸೂಜಿ ಕದಲಲಿಲ್ಲ. ಹಿಂಬದಿಯ ಕಟ್ಟಿಗೆಯನ್ನು ರಬ್ಬರಿನ ಮೇಲೆ ಕುಟ್ಟಿದರು, ಪಕ್ಕಕ್ಕೆ ತಟ್ಟಿದರು, ಬೋಲ್ಟನ್ನು ಜೋರಾಗಿ ತಳ್ಳಿದರು. ಸೂಜಿ ಕದಲಲಿಲ್ಲ. ನಾನು ಬೇಸತ್ತು ಚಹಾಕ್ಕೆ ಹೋಗಿ ಬಂದರೂ ಅವರು ಅದನ್ನೇ ಮಾಡುತ್ತಿದ್ದರು. ಅಂಥ ಹೊಂದಿಕೆಯನ್ನು ನಾನು ಅದಕ್ಕೆ ಮುಂಚೆಯೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಲಾಕ್ ಜರುಗಿದಾಗ ಆಗುತ್ತಿದ್ದ ಸದ್ದು ಗೋಡಂಬಿ ಮುರಿದಷ್ಟೇ.

ಗೌಡರು ಬಂದು ಲಾಕನ್ನು ತಾವೇ ಜರುಗಿಸಿ ನೋಡಿ, ಇನ್ನು ಚಿಂತೆಯಿಲ್ಲ ಎಂದು ನಕ್ಕರು. ಉಸ್ತಾದರು ನಗಲಿಲ್ಲ. ಪೂಜೆಯ ದಿನ ತಾನೂ ಚನ್ನಪ್ಪಣ್ಣನೂ ಬರುತ್ತೇವೆ, ಅಲ್ಲಿಯವರೆಗೆ ಕಾಡತೂಸು ಮುಟ್ಟಬೇಡಿ ಎಂದರು. ಗೌಡರು ಅದನ್ನು ಊಟದ ಆಮಂತ್ರಣ ಕೇಳುವ ಸಭ್ಯ ರೀತಿಯೆಂದು ತಿಳಿದು, ಅವಶ್ಯ ಬರಬೇಕೆಂದು ಕೈ ಮುಗಿದರು.

ಮಹಾನವಮಿಯ ಮುಂಜಾನೆ ನಾವಿಬ್ಬರೂ ಹಾನಗಲ್ಲಿಗೆ ಹೋಗಿ ಅಲ್ಲಿಂದ ಗೌಡರ ಹಳ್ಳಿ ಮುಟ್ಟಿದೆವು. ಪಡಸಾಲೆಯಲ್ಲಿ ಕತ್ತಿ, ಕುಡಗೋಲು, ಟ್ರ್ಯಾಕ್ಟರಿನ ಕೀಲಿಕೈ, ತಕ್ಕಡಿ ಎಲ್ಲ ತೊಳೆದು ಸಾಲಾಗಿ ಇಟ್ಟು ವಿಭೂತಿ ಹಚ್ಚಿದ್ದರು. ನಡುವೆ ಮಣೆಯ ಮೇಲೆ ಖಣ ಹಾಸಿ ರೈಫಲ್ಲು. ದುರ್ಬೀನಿಗೂ ಚೆಂಡು ಹೂವಿನ ಮಾಲೆ ಇತ್ತು. ನಳಿಗೆ, ಪದ್ಧತಿಯಂತೆ, ನಮ್ಮ ಕಡೆ. ಪಕ್ಕದಲ್ಲಿ ತಾಟಿನ ತುಂಬ ಉಡಿ ಅಕ್ಕಿ, ಅರಿಷಿಣದ ಕೊಂಬು, ಖಾರೀಕು ಎಂಬ ಒಣ ಖರ್ಜೂರ, ಕೊಬ್ಬರಿ ಬಟ್ಟಲು. ಅದು ಊರ ದೇವಿಗೆ ಒಯ್ಯಲು ಇಟ್ಟದ್ದು. ಎರಡು ಮಕ್ಕಳು, ಒಂದು ಹೆಣ್ಣು ಒಂದು ಗಂಡು, ಹೊಸ ಬಟ್ಟೆಯಲ್ಲಿ ಸೆಟೆದು ಎಲ್ಲರಿಗಿಂತ ಮುಂದೆ ಕುಳಿತಿದ್ದವು. ಗಿರಿಜವ್ವ ಅವುಗಳ ಹಿಂದೆ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

ನೀಲವ್ವ ಗೌಡಶಾನಿ ಸ್ಟೂಲಿನ ಮೇಲೆ ಕುಳಿತಿದ್ದರು. ತೆಳ್ಳಗಿನ, ನೆಟ್ಟಗಿನ ಹೆಂಗಸು. ಕೈಯಲ್ಲಿ ಒಂದು ಕಾಡತೂಸು. ಅದರ ಹಿಂಬದಿಗೆ ಹಸಿ ಕುಂಕುಮ. ಉಸ್ತಾದರನ್ನು ಮೇಲಿಂದ ಕೆಳಗೆ ನೋಡಿದರು.

"ಲಾಕ್ ಹಚ್ಚಿದಾಂವ ನೀನ ಏನು?"

"ಹೌದ್ರಿ ಅವ್ವಾರ."

"ಗಟ್ಟಿ ಐತಿಲ್ಲೊ?"

"ಗಟ್ಟಿ ಐತ್ರಿ. ನನ್ನ ಕೈಲೆ ಇದಕಿಂತಾ ಚೊಲೊ ಆಗಂಗಿಲ್ಲ."

ಗೌಡಶಾನಿ ಮಗನ ಕಡೆ ಕಾಡತೂಸು ಚಾಚಿದರು. ಗೌಡರು ಕೈ ಮುಂದೆ ಮಾಡಿ ಉಸ್ತಾದರನ್ನು ನೋಡಿದರು. ನಾನು ಏನಾದರೂ ಹೇಳಬೇಕೆಂದು ಶೆಟ್ಟರಿಂದ ಕಲಿತ ಕಾನೂನಿನ ಮಾತುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋಗಿದ್ದೆ. ಆ ಮುದುಕಿಯ ಮುಖ ನೋಡಿದ ಮೇಲೆ ಅವು ಒಂದೂ ಹೊರಗೆ ಬರಲಿಲ್ಲ. ಗಂಡನನ್ನು ಕಳೆದುಕೊಂಡವಳ ಹತ್ತಿರ ಕಲಮು ನಂಬರು ಹೇಳುವುದು ಹೇಗೆ?

ಉಸ್ತಾದರು ಮಾತಾಡಿದರು. ದನಿ ಎತ್ತರಿಸಲಿಲ್ಲ.

"ಗಟ್ಟಿ ಐತ್ರಿ. ಆದ್ರ ತುಂಬಿದ ಮ್ಯಾಲ ಅದರ ಮುಂದ ನಾ ಕುಂದ್ರಂಗಿಲ್ರಿ, ಅವ್ವಾರ."

ಗೌಡಶಾನಿಯ ಕೈ ಅಲ್ಲೇ ನಿಂತಿತು. "ನೀನ ಮಾಡಿದ್ದಲ್ಲೊ ಅದು?"

"ನಾನ ಮಾಡಿದ್ದರಿ. ಅದಕ್ಕ ಹೇಳಾಕತ್ತೇನಿ."

"ನಿಮ್ಮನ್ಯಾಗ ಹುಡುಗೂರು ಅದಾವೇನು?"

"ಒಬ್ಬಾಕಿ ಮೊಮ್ಮಗಳ ಅದಾಳ್ರಿ."

"ಆಕೀನ ಕುಂದ್ರಸ್ತಿ?"

"ಇಲ್ರಿ."

ಗೌಡಶಾನಿ ಮೊಮ್ಮಕ್ಕಳ ತಲೆಗಳನ್ನು ನೋಡಿದರು, ನಳಿಗೆಯನ್ನು ನೋಡಿದರು. ಬಾಗಿಲ ಮೇಲೆ ತೂಗಿದ್ದ ಗಂಡನ ಫೋಟೊವನ್ನೂ ನೋಡಿದರು. ಆಗ ಗಿರಿಜವ್ವ ಮಕ್ಕಳ ಹಿಂದಿನಿಂದ ಮುಂದೆ ಬಂದು ಆ ತಾಟನ್ನು ಎತ್ತಿಕೊಂಡರು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವರು ಕೇಳದೆ ಎತ್ತಿದ ಮೊದಲ ತಾಟು ಅದಿರಬೇಕು. ಗೌಡರ ಮುಖ ನೋಡಿದರೆ ಹಾಗೆ ಅನಿಸಿತು.

"ಅತ್ತಿ, ಈ ಸಲ ಉಡಿ ನಾ ತುಂಬ್ತೇನ್ರಿ. ಅಕ್ಕೀಲೆ."

"ಬಂದೂಕಿಗೆ ಅಕ್ಕಿ?"

"ಹೆಣ್ಮಕ್ಕಳ ಉಡಿ ಅದರಿಂದನ ತುಂಬ್ತೀವಲ್ರಿ. ಖಾಲಿ ಅಂತೂ ಆಗಂಗಿಲ್ಲ. ಮಾವಾರ ಹೆಸರು ತಗೊಂಡ ತುಂಬ್ತೇನಿ."

ಗೌಡಶಾನಿ ಕಾಡತೂಸನ್ನು ಸೀರೆಯ ಚುಂಗಿನಿಂದ ಒರೆಸಿದರು. ಕುಂಕುಮವೆಲ್ಲ ಹೋಗುವವರೆಗೆ ಒರೆಸಿ ಮಗನ ಕೈಯಲ್ಲಿಟ್ಟು, ತಿಜೋರಿಯಲ್ಲಿಡು ಎಂದರು. ಸೊಸೆಗೆ ಗೋಣು ಹಾಕಿದರು. ಗಿರಿಜವ್ವ ಕುಳಿತು ಖಣದ ಮೇಲೆ ರೈಫಲ್ಲಿನ ಸುತ್ತ ಅಕ್ಕಿ ಸುರಿದರು, ಕೊಂಬು ಇಟ್ಟರು, ಖಾರೀಕು ಇಟ್ಟರು. ಕೆಲವು ಕಾಳು ಖಣದ ಹೊರಗೆ ಬಿದ್ದವು. ನಳಿಗೆಯನ್ನು ಗೋಡೆಯ ಕಡೆ ತಿರುಗಿಸಲು ನಾನು ಗೌಡರಿಗೆ ಹೇಳಿದೆ. ಗೋಡೆಯಲ್ಲಿ ದೇವರಿಲ್ಲದ್ದರಿಂದ ಅದಕ್ಕೂ ಅಡ್ಡಿ ಬರಲಿಲ್ಲ.

ಆರತಿಗೆ ಮೊದಲು ಗೌಡಶಾನಿ ಮತ್ತೆ ತಡೆದರು. ಹಿಂದಿನ ವರ್ಷ ಇನ್ನೊಬ್ಬರು ತೆಗೆದಿದ್ದಾರೆಂದು ಇಬ್ಬರೂ ತಿಳಿದು ಕಾಡತೂಸು ಒಳಗೇ ಉಳಿದದ್ದನ್ನು ಗೌಡರು ಅವರಿಗೆ ಹೇಳಿದ್ದರೆಂದು ಕಾಣುತ್ತದೆ.

"ಒಳಗ ಏನೂ ಇಲ್ಲಂತ ಹೆಂಗ ತಿಳಿಬೇಕು?"

ಉಸ್ತಾದರು ಬೋಲ್ಟು ಎಳೆದು ತೆರೆದು ತೋರಿಸಿದರು. ಗೌಡಶಾನಿ ತಮಗೆ ಕಣ್ಣು ಮಂಜು, ಕಾಣುವುದಿಲ್ಲ ಎಂದರು. ಹಾಗಾದರೆ ಕಿರುಬೆರಳು ಹಾಕಿ ನೋಡಿ, ಕಾಡತೂಸಿದ್ದರೆ ತಾಗುತ್ತದೆ, ಇಲ್ಲದಿದ್ದರೆ ಬೆರಳು ಪೊಳ್ಳಿನೊಳಗೆ ಹೋಗುತ್ತದೆ ಎಂದು ಉಸ್ತಾದರು ಹೇಳಿದರು. ಗೌಡಶಾನಿ ಸ್ಟೂಲಿನಿಂದ ಇಳಿದು ಮಣೆಯ ಪಕ್ಕ ಕುಳಿತು ಕಿರುಬೆರಳನ್ನು ಒಳಗೆ ಹಾಕಿದರು. ತುಸು ತಿರುಗಿಸಿದರು. ಹೊರಗೆ ತೆಗೆದಾಗ ಬೆರಳ ತುದಿ ಎಣ್ಣೆ ಮಸಿಯಿಂದ ಕಪ್ಪಾಗಿತ್ತು. ಕೊಡುವ ಮೊದಲು ಉಸ್ತಾದರು ಅಷ್ಟೊಂದು ಒರೆಸಿದ ಮೇಲೂ ಮಸಿ ಉಳಿದದ್ದು ನನ್ನ ಗಮನಕ್ಕೆ ಬಂತು. ಬೇರೆ ದಿನವಾಗಿದ್ದರೆ ಒಂದು ಮಾತು ಆಡುತ್ತಿದ್ದೆ.

ಅವರು ಬೆರಳನ್ನು ದೀಪದ ಬೆಳಕಿಗೆ ಹಿಡಿದು ನೋಡಿದರು. ಸೆರಗಿಗೆ ಒರೆಸಿಕೊಳ್ಳಲಿಲ್ಲ. ಮೊಮ್ಮಗಳನ್ನು ಹತ್ತಿರ ಎಳೆದು ಅವಳ ಗಲ್ಲಕ್ಕೆ ಒಂದು ದೃಷ್ಟಿಬೊಟ್ಟು ಇಟ್ಟರು. ಉಳಿದ ಮಸಿಯಲ್ಲಿ ಮೊಮ್ಮಗನ ಗಲ್ಲಕ್ಕೆ ಇನ್ನೊಂದು. ಆಮೇಲೆ ಸೊಸೆಯ ಕಡೆ ತಿರುಗಿದರು.

"ಹೂಂ. ಈಗ ಹುಡುಗೂರನ್ನ ಕುಂದ್ರಸವಾ."